ಹಂಚಿಕೊಂಡು ಓಡಿಸುವ ಪುಟ್ಟ ವಿದ್ಯುತ್ ಕಾರು: ನಮ್ಮ ಮೂರು ಊರುಗಳಿಗೆ ಒಂದು ಲೆಕ್ಕ



ದ್ವಿತೀಯ ಪಿಯುಸಿಯಲ್ಲಿ ವಿದ್ಯುತ್ ಪ್ರವಾಹದ ಅಧ್ಯಾಯ ಮುಗಿದ ಮೇಲೆ ಪ್ರತಿ ವರ್ಷ ನಾನು ತರಗತಿಗೆ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಾರಿನಲ್ಲಿ 6 ವೋಲ್ಟಿನ ಎಂಟು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ಒಟ್ಟು 48 ವೋಲ್ಟ್, 200 ಆಂಪಿಯರ್ ಅವರ್. ಈ ಕಾರು ಬೀದರಿನಿಂದ ಔರಾದಿಗೆ ಹೋಗಿ, ನಡುವೆ ಚಾರ್ಜ್ ಮಾಡದೆ ಮರಳಿ ಬರಬಲ್ಲದೇ?

ಇದು ಪಠ್ಯಪುಸ್ತಕದ ಕಲ್ಪನೆಯ ಕಾರಲ್ಲ. ನಮ್ಮ ರಾಜ್ಯದಲ್ಲೇ ತಯಾರಾದ ರೇವಾ ಕಾರು. ಬೆಂಗಳೂರಿನ ಮೈನಿ ಗ್ರೂಪ್ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಂಪನಿ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಆರಂಭಿಸಿದವು. ಎಂಜಿನಿಯರ್ ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗೆ ಇಳಿಯಿತು. ಎರಡೇ ಬಾಗಿಲು, ಉದ್ದ 2.6 ಮೀಟರ್ ಚಿಲ್ಲರೆ. ಮುಂದೆ ಇಬ್ಬರು ದೊಡ್ಡವರು ಕೂರಬಹುದು, ಹಿಂದೆ ಇಬ್ಬರು ಮಕ್ಕಳು ಮುದುಡಿಕೊಂಡು ಕೂರಬಹುದು. ಒಳಗೆ ಉಕ್ಕಿನ ಚೌಕಟ್ಟು, ಹೊರಮೈ ಎಬಿಎಸ್ ಪ್ಲಾಸ್ಟಿಕ್. ಸಣ್ಣಪುಟ್ಟ ತಾಗುವಿಕೆಗೆ ತಗ್ಗು ಬೀಳುವುದಿಲ್ಲ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತಿತ್ತು. ಒಮ್ಮೆ ಪೂರ್ತಿ ಚಾರ್ಜ್ ಆದರೆ 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಇದೇ ಕಾರು 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿ ನಗರದ ನಡುಭಾಗಕ್ಕೆ ಕಾರು ತಂದರೆ ದಟ್ಟಣೆ ಶುಲ್ಕ ಕಟ್ಟಬೇಕು; ವಿದ್ಯುತ್ ಕಾರಿಗೆ ಆಗ ಅದು ಮಾಫಿ ಇತ್ತು. ಹಾಗಾಗಿ ಬೊಮ್ಮಸಂದ್ರದಲ್ಲಿ ಹುಟ್ಟಿದ ಕಾರು ಲಂಡನ್ನಿನ ಬೀದಿಗಳಲ್ಲಿ ಓಡಾಡಿತು.

ಈಗ ಲೆಕ್ಕ. 48 ವೋಲ್ಟ್ × 200 ಆಂಪಿಯರ್ ಅವರ್ = 9600 ವ್ಯಾಟ್ ಅವರ್. ಅಂದರೆ 9.6 ಕಿಲೋವ್ಯಾಟ್ ಅವರ್. ಮನೆಗೆ ಬರುವ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 9.6 ಯೂನಿಟ್. ಇದನ್ನು 80 ಕಿ.ಮೀ.ಗೆ ಭಾಗಿಸಿದರೆ ಒಂದು ಕಿಲೋಮೀಟರಿಗೆ 0.12 ಯೂನಿಟ್. ಈ 0.12 ಅನ್ನು ನೆನಪಿಟ್ಟುಕೊಳ್ಳಿ, ಲೇಖನದ ಕೊನೆಯವರೆಗೂ ಬೇಕಾಗುತ್ತದೆ.

ಇದೇ ಶಕ್ತಿಯನ್ನು ಜೂಲ್‌ಗೆ ಬದಲಿಸಿ ನೋಡಿ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. 9.6 ಯೂನಿಟ್ ಅಂದರೆ ಸುಮಾರು 3.46 ಕೋಟಿ ಜೂಲ್. ಒಂದು ಲೀಟರ್ ಪೆಟ್ರೋಲನ್ನು ಉರಿಸಿದರೆ ಬರುವ ಶಾಖವೂ ಹೆಚ್ಚುಕಡಿಮೆ ಅಷ್ಟೇ! ಅಂದರೆ ಕಾಲು ಟನ್ನಿಗೂ ಹೆಚ್ಚು ತೂಗುವ ಸೀಸದ ಬ್ಯಾಟರಿಗಳನ್ನು ಹೊತ್ತು ಹೊರಟ ರೇವಾದ ಬಳಿ ಇರುವುದು ಒಂದು ಬಾಟಲಿ ಪೆಟ್ರೋಲಿನಷ್ಟು ಶಕ್ತಿ ಮಾತ್ರ. ಪೆಟ್ರೋಲ್ ಕಾರು ಆ ಒಂದು ಲೀಟರಿನಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿದರೆ, ರೇವಾ 80 ಓಡುತ್ತಿತ್ತು. ಯಾಕೆ? ಪೆಟ್ರೋಲ್ ಎಂಜಿನ್ನಿಗೆ ಸಿಗುವ ಶಾಖದಲ್ಲಿ ನಾಲ್ಕನೇ ಒಂದು ಭಾಗ ಚಕ್ರಕ್ಕೆ ತಲುಪಿದರೆ ದೊಡ್ಡದು. ಉಳಿದದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಗಾಳಿಗೆ ಹೋಗುತ್ತದೆ. ವಿದ್ಯುತ್ ಮೋಟಾರಿನ ದಕ್ಷತೆ ಶೇ. 80ಕ್ಕಿಂತ ಹೆಚ್ಚು. ಜೊತೆಗೆ ಕಾರು ಚಿಕ್ಕದು, ಓಟ ನಿಧಾನ.

ಹಾಗಾದರೆ ಔರಾದಿನ ಪ್ರಶ್ನೆಗೆ ಉತ್ತರ? ಬೀದರಿನಿಂದ ಔರಾದ್ ಸುಮಾರು 40 ಕಿ.ಮೀ. ಹೋಗಿ ಬಂದರೆ 80. ಕಾಗದದ ಮೇಲೆ ಬ್ಯಾಟರಿ ಸರಿಯಾಗಿ ಸೊನ್ನೆಯಾಗುವ ಹೊತ್ತಿಗೆ ನೀವು ಬೀದರಿನಲ್ಲಿರುತ್ತೀರಿ. ರಸ್ತೆಯ ಮೇಲೆ ಹಾಗೆ ಆಗುವುದಿಲ್ಲ. ಅದಕ್ಕೆ ಮೂರು ಕಾರಣ, ಮೂರೂ ನಿಮ್ಮ ಪಠ್ಯದಲ್ಲೇ ಇವೆ.

ಮೊದಲನೆಯದು ಗಾಳಿ. ಇಬ್ಬರು ಕುಳಿತಾಗ ಕಾರಿನ ದ್ರವ್ಯರಾಶಿ 850 ಕಿ.ಗ್ರಾಂ. ಎಂದುಕೊಳ್ಳಿ. ಟೈರು ಉರುಳುವಾಗಿನ ತಡೆ ತೂಕದ ನೂರರಲ್ಲಿ 1.3 ಭಾಗ ಎಂದರೆ ಸುಮಾರು 108 ನ್ಯೂಟನ್. ಇದು ವೇಗದ ಜೊತೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ಎಳೆತ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಷ್ಟು ಚಿಕ್ಕ ಕಾರಿಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಅಂದಾಜು 52 ನ್ಯೂಟನ್. 80ರ ವೇಗದಲ್ಲಿ ನಾಲ್ಕು ಪಟ್ಟು, ಅಂದರೆ 207. ಒಟ್ಟು ಬಲ 160ರಿಂದ 315ಕ್ಕೆ ಹೋಯಿತು. ಕೆಲಸ ಎಂದರೆ ಬಲ ಮತ್ತು ದೂರದ ಗುಣಲಬ್ಧವಾದ್ದರಿಂದ, ವೇಗ ದುಪ್ಪಟ್ಟು ಮಾಡಿದರೆ ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿಯೂ ಹೆಚ್ಚುಕಡಿಮೆ ದುಪ್ಪಟ್ಟು. ಊರೊಳಗೆ ಅಗ್ಗವಾಗಿ ಓಡುವ ಕಾರು ಹೆದ್ದಾರಿಯಲ್ಲಿ ದುಬಾರಿಯಾಗುವುದು ಹೀಗೆ.

ಎರಡನೆಯದು ಏರಿಳಿತ. ಬೀದರ್ ಇರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಔರಾದ್ ರಸ್ತೆ ಜನವಾಡ ದಾಟಿ ಮಾಂಜ್ರಾ ನದಿಯ ಕಡೆಗೆ ಇಳಿದು ಮತ್ತೆ ಏರುತ್ತದೆ. ಪ್ರತಿ 100 ಮೀಟರ್ ಏರಿಕೆಗೆ ದ್ರವ್ಯರಾಶಿ × ಗುರುತ್ವ × ಎತ್ತರ, ಅಂದರೆ 850 × 9.8 × 100 = 8.33 ಲಕ್ಷ ಜೂಲ್, 0.23 ಯೂನಿಟ್. ಸಮತಟ್ಟಿನಲ್ಲಿ ಎರಡು ಕಿಲೋಮೀಟರ್ ಓಡುವಷ್ಟು. ಇಳಿಯುವಾಗ ಮೋಟಾರು ಜನರೇಟರ್ ಆಗಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ, ರೇವಾದಲ್ಲೂ ಆ ಏರ್ಪಾಡು ಇತ್ತು. ಆದರೆ ಕೊಟ್ಟಷ್ಟೂ ಹಿಂದೆ ಬರುವುದಿಲ್ಲ.

ಮೂರನೆಯದು ಆಂತರಿಕ ರೋಧ. ಬ್ಯಾಟರಿ ಸಾಲಿನ ಒಟ್ಟು ಆಂತರಿಕ ರೋಧ 0.02 ಓಮ್ ಎಂದು ಊಹಿಸಿ. ನಿಧಾನವಾಗಿ ಹೋಗುವಾಗ 100 ಆಂಪಿಯರ್ ಎಳೆದರೆ ಒಳಗೇ 200 ವ್ಯಾಟ್ ಶಾಖವಾಗಿ ಕಳೆದುಹೋಗುತ್ತದೆ. ಏರಿನಲ್ಲಿ 200 ಆಂಪಿಯರ್ ಎಳೆದರೆ ಕಳೆಯುವುದು 400 ಅಲ್ಲ, 800 ವ್ಯಾಟ್. ಪರೀಕ್ಷೆಯಲ್ಲಿ ಪ್ರವಾಹದ ಮೇಲೆ ವರ್ಗದ ಗುರುತು ಬರೆಯಲು ಮರೆಯುವವರು ಈ ಕಾರನ್ನು ನೆನಪಿಸಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೆ ತರಗತಿಯಲ್ಲಿ ಸಾಮಾನ್ಯವಾಗಿ ಬರುವ ಮಾತು, "ಸರ್, ಹಾಗಾದರೆ ಈ ಕಾರು ಬೇಕಾರ್". ನಾನು ಒಪ್ಪುವುದಿಲ್ಲ. ಒಬ್ಬನ ಮನೆ ಮುಂದೆ ನಿಲ್ಲುವ ಕಾರಾಗಿ ನೋಡಿದರೆ ಅದರಲ್ಲಿ ಕೊರತೆಗಳೇ ಕಾಣುತ್ತವೆ. ಹಲವರು ಹಂಚಿಕೊಳ್ಳುವ ಕಾರಾಗಿ ನೋಡಿದರೆ ಲೆಕ್ಕ ಬದಲಾಗುತ್ತದೆ.

ನಿಂತ ಕಾರಿನ ಖರ್ಚು

ಸ್ವಂತ ಕಾರು ಇರುವವರ ಮನೆ ನಿಮಗೆ ಗೊತ್ತಿದ್ದರೆ ಒಂದು ದಿನ ಗಮನಿಸಿ. ದಿನಕ್ಕೆ ಒಂದು ಗಂಟೆ ಓಡಿದರೆ ಹೆಚ್ಚು. 24 ಗಂಟೆಯಲ್ಲಿ ಒಂದು ಗಂಟೆ ಅಂದರೆ ಶೇ. 4. ಉಳಿದ ಶೇ. 96 ಹೊತ್ತು ಅದು ಹೊದಿಕೆ ಹೊದ್ದು ನಿಂತಿರುತ್ತದೆ. ಪೆಟ್ರೋಲ್ ಕಾರು ನಿಂತರೆ ಟ್ಯಾಂಕಿನ ಪೆಟ್ರೋಲ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬ್ಯಾಟರಿ ಹಾಗಲ್ಲ, ಓಡಿಸಿದರೂ ಓಡಿಸದಿದ್ದರೂ ಅದರ ವಯಸ್ಸು ಕಳೆಯುತ್ತದೆ. ರೇವಾದ ಸೀಸದ ಬ್ಯಾಟರಿಗಳನ್ನು ಸುಮಾರು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತಿತ್ತು. ಲಿಥಿಯಂ ಬ್ಯಾಟರಿ ಹೆಚ್ಚು ಬಾಳುತ್ತದೆ, ಆದರೂ ಅದಕ್ಕೂ ಕೊನೆಯಿದೆ.

ಲೆಕ್ಕದ ಸಲುವಾಗಿ ಬ್ಯಾಟರಿಗೆ 2 ಲಕ್ಷ ರೂಪಾಯಿ, ಬಾಳಿಕೆ ಎಂಟು ವರ್ಷ ಎಂದಿಟ್ಟುಕೊಳ್ಳೋಣ. ದಿನಕ್ಕೆ 10 ಕಿ.ಮೀ. ಓಡಿಸುವವರಿಗೆ ಎಂಟು ವರ್ಷದಲ್ಲಿ 29,200 ಕಿ.ಮೀ. ಆಗುತ್ತದೆ. ಕಿಲೋಮೀಟರಿಗೆ ಬ್ಯಾಟರಿ ಖರ್ಚೇ ಸುಮಾರು 6 ರೂಪಾಯಿ 85 ಪೈಸೆ. ಅದೇ ಕಾರನ್ನು ಐದಾರು ಮನೆಯವರು ಹಂಚಿಕೊಂಡು ದಿನಕ್ಕೆ 50 ಕಿ.ಮೀ. ಓಡಿಸಿದರೆ 1,46,000 ಕಿ.ಮೀ.; ಕಿಲೋಮೀಟರಿಗೆ 1 ರೂಪಾಯಿ 37 ಪೈಸೆ. ಕರೆಂಟಿನ ಖರ್ಚು ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 0.12 × 8, ಒಂದು ರೂಪಾಯಿಗಿಂತ ಕಡಿಮೆ. ವಿದ್ಯುತ್ ಕಾರಿನಲ್ಲಿ ಓಟ ಅಗ್ಗ, ನಿಲ್ಲುವುದು ದುಬಾರಿ.

ಈ ಸತ್ಯವನ್ನು ಬಹಳ ಹಿಂದೆಯೇ ಹಿಡಿದವರು ನೆದರ್ಲೆಂಡ್ಸಿನ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್. 1965ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಯಾರು ಬೇಕಾದರೂ ಬಳಸಬಹುದಾದ ಬಿಳಿ ಸೈಕಲ್‌ಗಳ ಯೋಜನೆ ಮುಂದಿಟ್ಟವರು ಇವರೇ. 1974ರಲ್ಲಿ ಅವರು ಅದೇ ಊರಿನಲ್ಲಿ 'ವಿಟ್‌ಕಾರ್', ಅಂದರೆ ಬಿಳಿ ಕಾರು, ಶುರು ಮಾಡಿದರು. ಮೂರು ಚಕ್ರ, ಇಬ್ಬರಿಗೆ ಜಾಗ, ವೇಗ ಗಂಟೆಗೆ ಸುಮಾರು 30 ಕಿ.ಮೀ. ನಿಂತು ಓಡಾಡುವ ಗಾಜಿನ ಡಬ್ಬಿಯಂತೆ ಕಾಣುತ್ತಿತ್ತು. ಸದಸ್ಯನು ಒಂದು ನಿಲ್ದಾಣದಿಂದ ಕಾರು ತೆಗೆದುಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡಬೇಕು. ಅಲ್ಲಿ ಅದು ಚಾರ್ಜ್ ಆಗುತ್ತಾ ಮುಂದಿನವನಿಗೆ ಕಾಯುತ್ತದೆ. ಹೊರಡುವ ಮೊದಲೇ ಎಲ್ಲಿಗೆ ಎಂದು ತಿಳಿಸಬೇಕಿತ್ತು. ಆ ನಿಲ್ದಾಣದಲ್ಲಿ ಜಾಗ ಖಾಲಿ ಇದೆಯೇ ಎಂದು ಕಂಪ್ಯೂಟರ್ ನೋಡಿದ ಮೇಲೆಯೇ ಕಾರು ಸಿಗುತ್ತಿತ್ತು. ಮೊಬೈಲ್ ಇಲ್ಲದ ಕಾಲದಲ್ಲಿ! ಆದರೆ ಕಟ್ಟಲು ಆದದ್ದು ಐದೇ ನಿಲ್ದಾಣ, ಕಾರುಗಳು ಮೂವತ್ತೈದರ ಆಸುಪಾಸು. ಐದು ನಿಲ್ದಾಣದಿಂದ ಒಂದು ನಗರದ ಓಡಾಟ ಸಾಗುವುದಿಲ್ಲ. 1986ರಲ್ಲಿ ವಿಟ್‌ಕಾರ್ ನಿಂತಿತು.

ಪ್ಯಾರಿಸ್ ನಗರ ಇದನ್ನು ದೊಡ್ಡದಾಗಿ ಮಾಡಿತು. 2011ರ ಡಿಸೆಂಬರಿನಲ್ಲಿ ಆರಂಭವಾದ ಆಟೋಲಿಬ್ ಸೇವೆಗೆ ಬೊಲೊರೆ ಎಂಬ ಕಂಪನಿ ಬ್ಲೂಕಾರ್ ಎಂಬ ನಾಲ್ಕು ಸೀಟಿನ ಪುಟ್ಟ ಕಾರನ್ನು ಕೊಟ್ಟಿತು. ಬ್ಯಾಟರಿ 30 ಯೂನಿಟ್, ರೇವಾದ ಮೂರು ಪಟ್ಟು. ಆ ಬ್ಯಾಟರಿಯ ಒಂದು ವಿಶೇಷ ನಿಮಗೆ ಇಷ್ಟವಾಗಬಹುದು: ಅದು ಬಿಸಿಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನಿಂತಾಗಲೂ ಬಿಸಿ ಉಳಿಸಲು ಕರೆಂಟ್ ಬೇಕು. ಮನೆಯ ಕಾರಿಗೆ ಇದು ದಂಡ, ಆದರೆ ನಿಂತಾಗಲೆಲ್ಲ ಚಾರ್ಜಿಂಗ್ ಕಂಬಕ್ಕೆ ಸಿಕ್ಕಿಸಿರುವ ಹಂಚಿಕೆ ಕಾರಿಗೆ ಅಷ್ಟು ತೊಂದರೆಯಿಲ್ಲ. ಬಳಸುವ ರೀತಿಯನ್ನು ನೋಡಿಕೊಂಡು ಯಂತ್ರ ಮಾಡುವುದು ಅಂದರೆ ಇದು. ಸುಮಾರು 4,000 ಕಾರು, 1,100 ನಿಲ್ದಾಣಗಳವರೆಗೆ ಬೆಳೆದ ಮೇಲೂ ಖರ್ಚು ಹುಟ್ಟಲಿಲ್ಲ. ನಷ್ಟವನ್ನು ಯಾರು ಹೊರಬೇಕು ಎಂಬ ಜಗಳದಲ್ಲಿ 2018ರ ಜುಲೈ ಕೊನೆಗೆ ಸೇವೆ ಮುಚ್ಚಿತು.

ನಮ್ಮ ಬೆಂಗಳೂರಿನಲ್ಲಿ ಏನಾಯಿತು? 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. 2013ರ ಮಾರ್ಚಿನಲ್ಲಿ ಲಿಥಿಯಂ ಬ್ಯಾಟರಿಯ ಇ2ಓ ಎಂಬ ಹೊಸ ಪುಟ್ಟ ಕಾರು ಬಂತು. ಒಂದು ಚಾರ್ಜಿಗೆ ಸುಮಾರು 100 ಕಿ.ಮೀ. ಅದೇ ವರ್ಷ ಬೆಂಗಳೂರಿನಲ್ಲಿ ಶುರುವಾದ ಜೂಮ್‌ಕಾರ್, ಗಂಟೆ ಲೆಕ್ಕದಲ್ಲಿ ಕಾರು ಕೊಡುವ ಕಂಪನಿ, ಇ2ಓವನ್ನೂ ತನ್ನ ಕಾರುಗಳಲ್ಲಿ ಸೇರಿಸಿಕೊಂಡಿತು. ಆದರೆ ಬಾಡಿಗೆ ಕಾರು ಹಿಡಿದು ಊರಾಚೆ ಹೋಗಬೇಕೆನ್ನುವವರಿಗೆ 100 ಕಿ.ಮೀ. ಸಾಲದು. ನನಗೆ ಹೆಚ್ಚು ಪಾಠ ಕಾಣುವುದು ಇನ್ನೊಂದು ಕಡೆ. 2015ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಲಿಥಿಯಂ ಅರ್ಬನ್ ಟೆಕ್ನಾಲಜೀಸ್ ಇದೇ ಇ2ಓ ಕಾರುಗಳಿಗೆ ಡ್ರೈವರ್‌ಗಳನ್ನು ಕೂರಿಸಿ ಐಟಿ ಕಂಪನಿಗಳ ಉದ್ಯೋಗಿಗಳನ್ನು ಮನೆಗೂ ಆಫೀಸಿಗೂ ಸಾಗಿಸಿತು. ದಾರಿ ಮೊದಲೇ ಗೊತ್ತು, ದೂರ ಗೊತ್ತು, ಕಾರು ಎಷ್ಟು ಹೊತ್ತಿಗೆ ಎಲ್ಲಿ ನಿಂತು ಚಾರ್ಜ್ ಆಗಬೇಕೆಂಬುದೂ ಗೊತ್ತು. ಕಡಿಮೆ ದೂರದ ಬ್ಯಾಟರಿಗೆ ಇಂಥ ಗೊತ್ತಿರುವ ದಾರಿಯೇ ಬೇಕು.

ನಮ್ಮ ಮೂರು ಊರು

ಮೊದಲು ಬೀದರ್ ನಗರ. ನೌಬಾದಿನಿಂದ ಚೌಬಾರದವರೆಗೆ ಒಂದು ಸವಾರಿ 5 ಕಿ.ಮೀ. ಎಂದುಕೊಳ್ಳಿ. 5 × 0.12 = 0.6 ಯೂನಿಟ್. 15 ಆಂಪಿಯರ್ ಪ್ಲಗ್ಗಿನಿಂದ 230 × 15, ಅಂದರೆ 3450 ವ್ಯಾಟ್‌ವರೆಗೆ ತೆಗೆಯಬಹುದು. ನಾವು ಜಾಗ್ರತೆಯಿಂದ 2 ಕಿಲೋವ್ಯಾಟ್ ಎಂದೇ ಹಿಡಿಯೋಣ. 0.6 ಅನ್ನು 2ರಿಂದ ಭಾಗಿಸಿದರೆ 0.3 ಗಂಟೆ, 18 ನಿಮಿಷ. ಸವಾರಿಗೆ 17 ನಿಮಿಷ ಹಿಡಿದರೆ ಒಂದು ಸುತ್ತಿಗೆ 35 ನಿಮಿಷ. ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಹತ್ತು ಗಂಟೆಯಲ್ಲಿ, ಒಂದೇ ಕಾರು ಕಾಗದದ ಮೇಲೆ 17 ಸವಾರಿ ಮಾಡುತ್ತದೆ. ಅದರಲ್ಲಿ ಅರ್ಧ ಆದರೂ ಎಂಟು ಕುಟುಂಬಗಳ ಕೆಲಸ ಆಯಿತು. ದೊಡ್ಡ ಚಾರ್ಜರ್ ಬೇಡ, ದೊಡ್ಡ ಬ್ಯಾಟರಿಯೂ ಬೇಡ. ಮುಂದಿನವರು ಬರುವಷ್ಟರಲ್ಲಿ ಖರ್ಚಾದದ್ದು ತುಂಬಿರುತ್ತದೆ.

ಬೀದರಿನಲ್ಲಿ ಇನ್ನೊಂದು ಅನುಕೂಲ, ಓಡಾಟ ಒಂದೇ ದಿಕ್ಕಿನದಲ್ಲ. ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಬರುವವರು, ರೈಲು ಹತ್ತುವವರು, ಮಾರುಕಟ್ಟೆಯಿಂದ ಸಾಮಾನು ಹೊತ್ತು ಮರಳುವವರು ದಿನವಿಡೀ ಎಲ್ಲ ಕಡೆಗೂ ಇರುತ್ತಾರೆ. ಹಾಗಾಗಿ ಕಾರುಗಳು ಒಂದೇ ಮೂಲೆಯಲ್ಲಿ ಗುಡ್ಡೆಯಾಗುವುದಿಲ್ಲ. ಗವಾನ್ ಮದರಸಾದ ಸುತ್ತಲಿನ ಗಲ್ಲಿಗಳಲ್ಲಿ ದೊಡ್ಡ ಕಾರು ತಿರುಗಿಸಲು ಒದ್ದಾಡುವುದನ್ನು ನೀವೆಲ್ಲ ನೋಡಿದ್ದೀರಿ. 1472ರಲ್ಲಿ ಆ ಮದರಸಾ ಕಟ್ಟಿದವರು ಎಸ್‌ಯುವಿಯ ಅಗಲ ಲೆಕ್ಕಕ್ಕೆ ಹಿಡಿದಿರಲಿಲ್ಲ. 2.6 ಮೀಟರಿನ ಪ್ಲಾಸ್ಟಿಕ್ ಮೈಯ ಕಾರಿಗೆ ಆ ಗಲ್ಲಿ ಸಾಕು. ಒಂದು ತಕರಾರು ಉಂಟು: ಈ ಕೆಲಸವನ್ನು ಇಲ್ಲಿ ಈಗಾಗಲೇ ಶೇರ್ ಆಟೋ ಮಾಡುತ್ತಿದೆ. ಅದು ಕೂಡ ಹಂಚಿಕೆಯ ವಾಹನವೇ, ಓಡಿಸುವವನ ಮನೆಯೂ ಅದರಿಂದ ನಡೆಯುತ್ತದೆ. ಪುಟ್ಟ ಕಾರು ಬಂದರೆ ಅದು ಮನೆ ಮುಂದಿನ ಸ್ವಂತ ಕಾರಿನ ಬದಲಿಗೆ ಬರಬೇಕು, ಆಟೋದವನ ಬದಲಿಗಲ್ಲ ಎಂಬುದು ನನ್ನ ಅಭಿಪ್ರಾಯ.

ಭಾಲ್ಕಿಯ ಕಥೆ ಬೇರೆ. ಭಾಲ್ಕಿಗೆ ರೈಲು ಇದೆ. ನಾನೇ ಅಲ್ಲಿಂದ ಬರುವವನು, ದೂರದ ಓಡಾಟಕ್ಕೆ ನನಗೆ ಕಾರು ಬೇಕೆನಿಸಿಲ್ಲ. ಬೇಕಾಗುವುದು ಸ್ಟೇಷನ್ನಿನಿಂದ ಮನೆಗೆ. ಇಲ್ಲಿ ಬ್ಯಾಟರಿ ಸಾಕು, ಸಂಭವನೀಯತೆ ಸಾಲದು. ಸ್ಟೇಷನ್ನಿನಲ್ಲಿ ಮೂರು ಕಾರು ಇಟ್ಟಿದ್ದಾರೆ, ಪ್ರತಿಯೊಂದೂ ಅರ್ಧ ಹೊತ್ತು ಹೊರಗಿರುತ್ತದೆ ಎಂದುಕೊಳ್ಳಿ. ಮೂರೂ ಇಲ್ಲದಿರುವ ಸಂಭವ ½ × ½ × ½ = ⅛. ಎಂಟು ಸಲಕ್ಕೆ ಒಮ್ಮೆ ಬರಿಗೈ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಗಣಿತದ ಮೇಷ್ಟ್ರು ಹೇಳಿದ್ದು ನೆನಪಿರಲಿ: ಘಟನೆಗಳು ಸ್ವತಂತ್ರವಾಗಿದ್ದರೆ ಮಾತ್ರ ಹೀಗೆ ಗುಣಿಸಬಹುದು. ರೈಲು ಬಂದಾಗ ಹತ್ತು ಜನ ಒಟ್ಟಿಗೆ ಇಳಿಯುತ್ತಾರೆ, ಹತ್ತೂ ಜನಕ್ಕೆ ಅದೇ ಹೊತ್ತಿಗೆ ಕಾರು ಬೇಕು. ಅಲ್ಲಿ ಸ್ವಾತಂತ್ರ್ಯ ಎಲ್ಲಿ ಬಂತು? ರೈಲು ಬರುವ ಹೊತ್ತಿಗೆ ಸಾಲಾಗಿ ನಿಲ್ಲುವ ಟಂಟಂ ಆ ಗುಂಪನ್ನು ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತದೆ. ಭಾಲ್ಕಿಯಲ್ಲಿ ಆ ಟಂಟಂ ವಿದ್ಯುತ್ತಿನದಾದರೆ ಸಾಕು.

ಇನ್ನು ಔರಾದ್. ಹೋದ ವರ್ಷ ಈ ಲೆಕ್ಕ ಮಾಡುವಾಗ ಔರಾದ್ ತಾಲೂಕಿನ ಹಳ್ಳಿಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿರುವ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಇಂಥ ಹತ್ತು ಕಾರು ಔರಾದಿಗೆ ಕೊಟ್ಟರೆ ನಾವು ಮನೆಯಿಂದಲೇ ಬರಬಹುದಲ್ಲ?" ಅವಳ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಮನೆಯಲ್ಲೇ ಉಳಿದಿದ್ದಾಳೆ. ಹಾಸ್ಟೆಲಿಗೆ ಇಬ್ಬರ ಖರ್ಚು ಕೊಡಲು ಅಬ್ಬಾಗೆ ಆಗುವುದಿಲ್ಲ. ಪ್ರಯೋಗಾಲಯ ಮುಗಿಸಿ ಹೊರಟರೆ ಹಳ್ಳಿ ತಲುಪುವುದು ಕತ್ತಲಾದ ಮೇಲೆ. ಔರಾದ್ ಪಟ್ಟಣಕ್ಕೆ ರೈಲಿಲ್ಲ. ಅವಳ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಬೇಕು, ಸಮಾಧಾನದ ಮಾತು ಬೇಡ.

40 ಕಿ.ಮೀ.ಗೆ 40 × 0.12 = 4.8 ಯೂನಿಟ್. ಅದೇ 2 ಕಿಲೋವ್ಯಾಟ್ ಚಾರ್ಜರಿನಲ್ಲಿ ತುಂಬಲು 2 ಗಂಟೆ 24 ನಿಮಿಷ. ದಾರಿಗೆ 1 ಗಂಟೆ 10 ನಿಮಿಷ ಸೇರಿಸಿದರೆ ಒಂದು ಸವಾರಿಗೆ ಮೂರೂವರೆ ಗಂಟೆ. ಹತ್ತು ಗಂಟೆಯಲ್ಲಿ ಮೂರು ಸವಾರಿಯೂ ಪೂರ್ತಿಯಾಗುವುದಿಲ್ಲ. ಬ್ಲೂಕಾರಿನಂಥ 30 ಯೂನಿಟ್ಟಿನ ಬ್ಯಾಟರಿ ಇದ್ದರೆ ಈ ತೊಂದರೆ ಇಲ್ಲ, ಹೋಗಿ ಬಂದು ಮತ್ತೆ ಹೋಗಬಹುದು. ಆದರೂ ದೊಡ್ಡ ಅಡ್ಡಿ ಉಳಿಯುತ್ತದೆ. ಬೆಳಗ್ಗೆ ಎಲ್ಲರೂ ಬೀದರಿಗೆ ಬರುವವರು, ಸಂಜೆ ಎಲ್ಲರೂ ಔರಾದಿಗೆ ಹೋಗುವವರು. ಹತ್ತೂ ಕಾರು ಬೆಳಗ್ಗೆ ಇಲ್ಲಿಗೆ ಬಂದು ಸಂಜೆಯವರೆಗೆ ಕಾಲೇಜಿನ ಗೋಡೆಗೆ ಒರಗಿ ನಿಲ್ಲುತ್ತವೆ. ಔರಾದಿನಲ್ಲಿ ಒಂದೂ ಇರುವುದಿಲ್ಲ. ಅದು ಹಂಚಿಕೆ ಕಾರಲ್ಲ, ನಾಲ್ವರು ದುಡ್ಡು ಸೇರಿಸಿ ಕೊಂಡ ಕಾರು.

ಇನ್ನೂ ಎರಡು ಮಾತು. ಕಾರು ಓಡಿಸುವ ಲೈಸೆನ್ಸಿಗೆ 18 ತುಂಬಬೇಕು. ಪಿಯುಸಿಯಲ್ಲಿ ನಿಮಗೆ ಹದಿನಾರು, ಹದಿನೇಳು. ಇನ್ನೊಂದು ರಸ್ತೆಯ ಮಾತು. ಲಂಡನ್ನಿನಲ್ಲಿ ಜಿ-ವಿಜ್ ನೋಂದಣಿಯಾಗಿದ್ದು ಕಾರಿನ ವರ್ಗದಲ್ಲಲ್ಲ, ಕ್ವಾಡ್ರಿಸೈಕಲ್ ವರ್ಗದಲ್ಲಿ. ಕಾರುಗಳಿಗೆ ಇರುವ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಅಲ್ಲಿ ಅದನ್ನು ಡಿಕ್ಕಿ ಹೊಡೆಸಿ ನೋಡಿದಾಗ ಅದರ ಸುರಕ್ಷತೆಯ ಬಗ್ಗೆ ಕಟು ಟೀಕೆ ಬಂತು. ಊರೊಳಗೆ 30-40ರ ವೇಗದಲ್ಲಿ ಓಡುವ ಗಾಡಿ ಅದು. ಎರಡು ಟ್ರೈಲರ್ ಕಟ್ಟಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್ ಪಕ್ಕ ಕತ್ತಲಲ್ಲಿ ಅದನ್ನು ಓಡಿಸಲು ನನ್ನ ಮಗಳಿಗೆ ನಾನು ಬಿಡಲಾರೆ.

ಈಗ ಬಸ್ಸು. ದೊಡ್ಡ ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ ಸುಮಾರು 1.2 ಯೂನಿಟ್ ಎಂದು ಹಿಡಿಯಿರಿ, ರೇವಾದ ಹತ್ತು ಪಟ್ಟು. ಐವತ್ತು ಜನ ಕುಳಿತರೆ ಒಬ್ಬರ ಪಾಲಿಗೆ 0.024. ರೇವಾದಲ್ಲಿ ಇಬ್ಬರಿದ್ದರೆ ಒಬ್ಬರ ಪಾಲಿಗೆ 0.06. ತುಂಬಿದ ಬಸ್ಸನ್ನು ಯಾವ ಪುಟ್ಟ ಕಾರೂ ಸೋಲಿಸುವುದಿಲ್ಲ. ಅದರ ಮೇಲೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟೇ ಇಲ್ಲ. ಬೀದರಿನಿಂದ ಔರಾದಿನವರೆಗಿನ 40 ಕಿ.ಮೀ. ಬಸ್ಸಿನ ಪಾಲು.

ಆದರೆ ಅದೇ ಬಸ್ಸಿನಲ್ಲಿ ಐದೇ ಜನ ಇದ್ದರೆ? ಒಬ್ಬರ ಪಾಲಿಗೆ 0.24. ಆಗ ಪುಟ್ಟ ಕಾರು ನಾಲ್ಕು ಪಟ್ಟು ಮೇಲು. ಔರಾದ್ ನಿಲ್ದಾಣದಿಂದ ಹಳ್ಳಿಗಳ ಕಡೆಗೆ, ಸಂಜೆ ಹೊತ್ತಿಗೆ ಇರುವ ಸ್ಥಿತಿ ಇದು: ಒಂದೊಂದು ದಾರಿಗೆ ಮೂರು ಜನ, ನಾಲ್ಕು ಜನ. ಅಷ್ಟಕ್ಕೆ ದೊಡ್ಡ ಬಸ್ಸು ಓಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಕ್ರೂಸರ್ ತುಂಬುವವರೆಗೆ ಹೊರಡುವುದಿಲ್ಲ. ಅವಳ ಹಳ್ಳಿ ಔರಾದಿನಿಂದ 8 ಕಿ.ಮೀ. ಹೋಗಿ ಬರಲು 16 × 0.12, ಎರಡು ಯೂನಿಟ್ಟಿಗೂ ಕಡಿಮೆ, ಒಂದು ಗಂಟೆಯ ಚಾರ್ಜು. ಹಗಲಿನಲ್ಲಿ ಅದೇ ಕಾರು ಔರಾದ್ ಪಟ್ಟಣದಲ್ಲಿ ಆಸ್ಪತ್ರೆ, ತಹಸೀಲ್ದಾರ್ ಕಚೇರಿ, ಬ್ಯಾಂಕ್ ಎಂದು ಓಡಾಡಬಹುದು. ಸಂಜೆ ಬೀದರಿನ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ಇರಬೇಕು, ಗುರುತಿನ ಡ್ರೈವರ್ ಇರಬೇಕು. ಬೆಂಗಳೂರಿನ ಐಟಿ ಉದ್ಯೋಗಿಗಳನ್ನು ಸಾಗಿಸಿದ ಕ್ರಮವೇ ಇದು: ಗೊತ್ತಿರುವ ದಾರಿ, ಗೊತ್ತಿರುವ ಹೊತ್ತು, ಗೊತ್ತಿರುವ ಡ್ರೈವರ್. ನಾನು ಅವಳಿಗೆ ಹೇಳಿದ್ದು, "ನೋಡು ಬೇಟಾ, ಹತ್ತು ಕಾರು ಬೀದರಿಗೆ ಬರುವುದು ಬೇಡ. ಎರಡು ಕಾರು ಔರಾದಿನಲ್ಲೇ ಇರಲಿ." ಅವಳು ತಕ್ಷಣ ಕೇಳಿದಳು, "ಎರಡೇ ಸಾಕೇ ಸರ್? ನಮ್ಮ ಕಡೆ ನಾಲ್ಕು ದಾರಿ ಇವೆ." ಅದಕ್ಕೆ ಅಂಕಿ ಬೇಕು, ಆ ಅಂಕಿ ತರಬೇಕಾದವರು ನೀವು.

ಆದ್ದರಿಂದ ಈ ಸಲದ ಕೆಲಸ. ಔರಾದ್ ಮತ್ತು ಭಾಲ್ಕಿ ಕಡೆಯಿಂದ ಬರುವವರು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಸಂಜೆ ಬಸ್ಸು ಅಥವಾ ರೈಲು ಇಳಿದದ್ದು ಎಷ್ಟು ಗಂಟೆಗೆ, ನಿಮ್ಮ ದಾರಿಗೆ ಎಷ್ಟು ಜನ ಕಾದರು, ಎಷ್ಟು ನಿಮಿಷ ಕಾದರು, ಮನೆಗೆ ಎಷ್ಟು ಕಿಲೋಮೀಟರ್. ಬೀದರಿನವರು ಹೊಸ ಬಸ್ ನಿಲ್ದಾಣದ ಗೇಟಿನಲ್ಲಿ ಅರ್ಧ ಗಂಟೆ ನಿಂತು, ಒಬ್ಬರೇ ಕುಳಿತು ಹೋಗುವ ಕಾರುಗಳೆಷ್ಟು ಎಂದು ಎಣಿಸಿ. 0.12 ಯೂನಿಟ್, 2 ಕಿಲೋವ್ಯಾಟ್ ಚಾರ್ಜರ್ ಹಿಡಿದು ಔರಾದಿನ ನಾಲ್ಕು ದಾರಿಗೆ ಎಷ್ಟು ಕಾರು ಬೇಕೆಂದು ಲೆಕ್ಕ ಹಾಕಿ, ಹಂತಗಳನ್ನು ಬಿಡದೆ ಬರೆದು ಭೌತಶಾಸ್ತ್ರ ವಿಭಾಗಕ್ಕೆ ಕೊಡಿ. ಹಾಸ್ಟೆಲಿನವರು ಊರಿಗೆ ಹೋದಾಗ ಮನೆಯಲ್ಲಿರುವ ಅಕ್ಕ ತಂಗಿಯರಿಂದ ಎಣಿಕೆ ಮಾಡಿಸಿದರೂ ಆಗುತ್ತದೆ.